ಹೊತ್ತವ್ವನ ಗುಡ್ಡ

ತೊಂಡಿಗಲ್ಲು ಊರಿನ ಪಡುವಣಕ್ಕೆ ಒಂದು ಬೋಳು ಗುಡ್ಡವಿದೆ. ನೂರಾ ಹನ್ನೆರಡು ಮೆಟ್ಟಿಲು, ತುದಿಯಲ್ಲಿ ಸಣ್ಣ ಗುಡಿ. ಹೊಸ್ತಿಲಿಗೆ ಹತ್ತು ಹೆಜ್ಜೆ ಈಚೆ ಮೊಣಕಾಲೆತ್ತರದ ಬಳಪದ ಕಲ್ಲು; ಅದರ ನೆತ್ತಿಯಲ್ಲಿ ಕೊಡದ ತಳ ಕೂರುವಷ್ಟು ಗುಂಡನೆಯ ಕುಳಿ. ಈಗ ಅದರಲ್ಲಿ ಒಣಗಿದ ಎಲೆ ತುಂಬಿರುತ್ತದೆ. ಗುಡ್ಡಕ್ಕೆ ಹೊತ್ತವ್ವನ ಗುಡ್ಡ ಎನ್ನುತ್ತಾರೆ. ಹೊತ್ತವರು ಯಾರು ಎಂದು ಬಂದವರು ಕೇಳುತ್ತಾರೆ. ಗೊತ್ತಿರುವುದು ಇಷ್ಟು.

ಹಿಂದೆ ಒಮ್ಮೆ, ಊರಿಗೆ ಕೋಟೆ ಇದ್ದ ಕಾಲದಲ್ಲಿ, ಗುಡಿಯ ಪೂಜೆ ಗುದ್ನಯ್ಯ ಎಂಬವನದಾಗಿತ್ತು. ದೇವಿಯ ಮಜ್ಜನಕ್ಕೆ ಕೆಳಗಿನ ಹೊಂಡದಿಂದ ನೀರು ತರುವುದು ಹೆಂಗಸರ ಸೇವೆ. ಗಂಡಸು ತಂದದ್ದು ಸಲ್ಲದು. ಸರದಿಯವಳು ಮಣ್ಣಿನ ಕೊಡ ಹೊತ್ತು ಬಂದು ಈ ಕಲ್ಲಿನ ಮೇಲೆ ಇಳಿಸಿ ಹಿಂದೆ ಸರಿಯಬೇಕು. ಮುಂದೆ ಹೆಂಗಸು ಹೆಜ್ಜೆ ಇಡುವಂತಿಲ್ಲ, ಮಣ್ಣಿನ ಕೊಡವೂ ಹೋಗುವಂತಿಲ್ಲ. ಗುದ್ನಯ್ಯ ಆ ನೀರನ್ನು ತಾಮ್ರದ ಬಿಂದಿಗೆಗೆ ಸುರಿದುಕೊಂಡು ಒಳಗೆ ಒಯ್ಯುತ್ತಿದ್ದ. ಹೆಂಗಸಿನ ಕೈಯಿಂದ ನೇರವಾಗಿ ಕೊಡ ಪಡೆಯಬಾರದು. ಕಲ್ಲಿನ ಮೇಲಿಂದಲೇ ಎತ್ತಬೇಕು. ಬಿಸಿಲು ನೆತ್ತಿಗೇರುವುದರೊಳಗೆ ದೇವಿ ಮೀಯದಿದ್ದರೆ ಪೂಜೆ ಅವನ ಮನೆತನದ ಕೈತಪ್ಪುತ್ತಿತ್ತು.

ಒಂದು ದಿನ ಕಳಕವ್ವನ ಸರದಿ. ಸೇವೆ ತಪ್ಪಿಸಿದವಳಲ್ಲ. ಬಂದು ಕಲ್ಲಿನ ಪಕ್ಕ ನಿಂತಳು. ಕೊಡ ತಲೆಯ ಮೇಲೇ ಇತ್ತು.

“ಇಳಸ ಯವ್ವಾ, ಬಿಸಲೇರಾಕತ್ತೈತಿ,” ಎಂದ ಗುದ್ನಯ್ಯ.

“ಇಲ್ಲಿ ಇಳಸಂಗಿಲ್ರಿ ಅಯ್ಯಾರ. ಇಪ್ಪತ್ತು ವರ್ಷ ನೀರು ತಂದೀನಿ. ಅದು ಯಾರ ಮ್ಯಾಲೆ ಬೀಳತೈತಿ ಅಂತ ಒಂದು ದಿನಾನೂ ಕಂಡಿಲ್ಲ. ಇವತ್ತು ನಾನ ಎರೀತೀನಿ.”

ಗುದ್ನಯ್ಯ ಕೊಡದತ್ತ ಕೈ ಚಾಚಿ ಹಿಂದೆಳೆದುಕೊಂಡ. ಕಸಿದರೆ ಅವಳ ಕೈಯಿಂದ ಪಡೆದಂತಾಯಿತು. ಕಸಿಯದಿದ್ದರೆ ದೇವಿಗೆ ನೀರಿಲ್ಲ. ಬೇರೆ ಯಾರಾದರೂ ತನ್ನಿ ಎಂದು ಕೆಳಗೆ ಕೂಗಿದ. ಎಂಟು ಮಂದಿ ತಂದರು. ತಂದು ಕಳಕವ್ವನ ಹಿಂದೆ ಸಾಲಾಗಿ ನಿಂತರು. ಒಬ್ಬಳೂ ಇಳಿಸಲಿಲ್ಲ. ಸಾಲಿನ ಕೊನೆಗೆ, ಬರಿಗೈಯಲ್ಲಿ, ಅವನ ಮುದಿ ತಾಯಿಯೂ ಬಂದು ಮೆಟ್ಟಿಲ ಮೇಲೆ ಕೂತಳು.

“ಯವ್ವಾ, ಈ ಕಟ್ಟಳೆ ಮಾಡಿದವರು ಯಾರು?” ಎಂದು ಗುದ್ನಯ್ಯ ತಾಯಿಯನ್ನು ಕೇಳಿದ.

“ನನಗೇನ ಗೊತ್ತು. ನಿಮ್ಮಪ್ಪ ಹೇಳಿದ್ದ.”

“ಅಪ್ಪ ಹೇಳಿದ ಮ್ಯಾಲೆ ಖರೇನ ಇರಬೇಕಲ್ಲ?”

“ನಿಮ್ಮಪ್ಪ ದಿನಾ ಸಾರಿಗೆ ಉಪ್ಪಿಲ್ಲ ಅಂತಾನೂ ಹೇಳತಿದ್ದ.”

ಹೆಂಗಸರು ನಕ್ಕರು. ಕೊಡಗಳು ತುಳುಕಿದವು.

ದೇವಿಯನ್ನೇ ಕೇಳೋಣವೆಂದು ಗುದ್ನಯ್ಯ ಒಳಗೆ ಹೋದ. ಅವಳ ಪಾದದ ಬಳಿ ನೆಲದ ಕಲ್ಲಿನಲ್ಲಿ ಒಂದು ತಗ್ಗಿತ್ತು. ಮೂವತ್ತು ವರ್ಷದಿಂದ ದೀಪ ಇಡುತ್ತಿದ್ದುದು ಅಲ್ಲೇ. ದೀಪ ಎಂದೂ ನೆಟ್ಟಗೆ ಕೂರದು, ಹರಳು ಒತ್ತುಕೊಟ್ಟು ನಿಲ್ಲಿಸುತ್ತಿದ್ದ. ಆ ದಿನ ಏಕೋ ದೀಪ ಎತ್ತಿ ಕೈಯಾಡಿಸಿದ. ಗುಂಡನೆಯ ಕುಳಿ. ಬಿಂದಿಗೆ ಇಟ್ಟು ನೋಡಿದ. ಚಪ್ಪಟೆ ತಳ, ಕೂರಲಿಲ್ಲ. ಹೊರಗೆ ಬಂದು ಕಲ್ಲಿನ ಕುಳಿ ಸವರಿದ. ಮತ್ತೆ ಒಳಗೆ ಹೋದ, ಮತ್ತೆ ಹೊರಗೆ ಬಂದ. ಹೀಗೆ ಮೂರು ಸಲ ಎನ್ನುತ್ತಾರೆ. ಎರಡೂ ಒಂದೇ ಅಳತೆ, ಒಂದೇ ಸವೆತ. ಗುಂಡು ತಳದ ಮಣ್ಣಿನ ಕೊಡ ಹೊತ್ತವರು ಎಂದೆಂದಿಗೂ ಹೆಂಗಸರೇ. ಹಾಗಾದರೆ ಒಳಗೆ ಇಳಿಸಿದವರು ಯಾರು? ಅವರನ್ನು ಹೊರಗೇ ನಿಲ್ಲಿಸಿದವರು ಯಾರು, ಯಾವಾಗ, ಏಕೆ? ಅಪ್ಪ ಸುಳ್ಳಾಡುವವನಲ್ಲ. ಕಲ್ಲೂ ಸುಳ್ಳಾಡದು. ಅಷ್ಟರಲ್ಲಿ ಅವನ ನೆರಳು ಕಾಲ ಬುಡಕ್ಕೆ ಬಂದಿತ್ತು.

ಗುದ್ನಯ್ಯ ದಾರಿ ಬಿಟ್ಟು ಪಕ್ಕಕ್ಕೆ ಸರಿದ. ಕಳಕವ್ವನ ಮುಖ ನೋಡಲಿಲ್ಲ.

“ಒಳಗೂ ಒಂದು ಕುಳಿ ಐತಿ,” ಎಂದ. “ಅಲ್ಲಿ ಇಳಸು.”

ಅವಳು ಇಳಿಸಿದಳು. ಕೊಡ ಅಲುಗದೆ ಕೂತಿತು. ತನ್ನ ಕೈಯಿಂದಲೇ ಎರೆದಳು. ಹಿಂದಿನ ಎಂಟು ಮಂದಿಯೂ ಎರೆದರು. ಕಂಡದ್ದೇನೆಂದು ಕಳಕವ್ವ ಯಾರಿಗೂ ಹೇಳಲಿಲ್ಲ. ಅದು ಮಜ್ಜನವೇ ಅಲ್ಲ ಎಂದು ಊರಿನ ಅರ್ಧ ಜನ, ಹೌದು ಎಂದು ಇನ್ನರ್ಧ ಜನ ವಾದಿಸಿದರು. ವಾದ ಮುಗಿಯಲಿಲ್ಲ, ಪೂಜೆ ಗುದ್ನಯ್ಯನ ಮನೆಯಲ್ಲೇ ಉಳಿಯಿತು. ಮಾಡಿದ್ದು ಸರಿಯೋ ತಪ್ಪೋ ಎಂದು ಅವನು ಸಾಯುವವರೆಗೂ ತಾಯಿಯ ಗೋರಿಯ ಮುಂದೆ ಕೂತು ಕೇಳುತ್ತಿದ್ದನಂತೆ.

ಈಗ ಹೋದವರಿಗೆ ದೇವಿಯ ಪಾದದ ಕುಳಿಯಲ್ಲಿ ಯಾವಾಗಲೂ ನೀರು ಕಾಣುತ್ತದೆ. ದೀಪ ಪಕ್ಕದ ಗೂಡಿನಲ್ಲಿ ನೆಟ್ಟಗೆ ಉರಿಯುತ್ತದೆ. ದೇವಿಯ ಹಳೆಯ ಹೆಸರು ಯಾರಿಗೂ ನೆನಪಿಲ್ಲ. ಹೊತ್ತವ್ವ ಎಂದರೆ ಒಳಗಿನ ದೇವಿಯೋ, ಕಳಕವ್ವನೋ ಎಂದು ಕೇಳಿದರೆ ಪೂಜಾರಿಯೂ ತಡವರಿಸುತ್ತಾನೆ. ನೀರು ತರುವ ಹೆಂಗಸರು ಮಾತ್ರ ಹೊರಗಿನ ಕಲ್ಲನ್ನು ದಾಟುವಾಗ ಕೊಡವನ್ನು ಒಂದು ಕೈಯಿಂದ ಬಿಗಿಯಾಗಿ ಹಿಡಿದುಕೊಳ್ಳುತ್ತಾರೆ.