ಸಂಜೆಯವರೆಗೆ ಎಳೆದ ಮಾತು

"ಗುರುಗಳೇ, ಮಾತನ್ನು ಎಳೆಯುವುದು ದೋಷವೇ?" ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಹೇಳಿದರು:

ಒಂದು ಕೋಟೆಯಲ್ಲಿ ಮಾದರಸನೆಂಬ ಮುದುಕನಿದ್ದ. ಕೋಟೆಯ ಬೀಗದ ಕೈ ಅವನ ವಶದಲ್ಲಿತ್ತು. ಅವನು ಬಾಯಿ ತೆರೆದರೆ ಜನ ಏನಾದರೂ ನೆಪ ಹೇಳಿ ಎದ್ದುಹೋಗುತ್ತಿದ್ದರು. ಕುಡಿಯಲು ನೀರು ಕೇಳಬೇಕಾದರೂ ಬಾವಿ ತೋಡಿಸಿದವರಿಂದ ಶುರು ಮಾಡುವ ಮನುಷ್ಯ.

ಊರಿನ ಗಂಡಾಳುಗಳೆಲ್ಲ ಅರಸನ ದಂಡಿನೊಂದಿಗೆ ಹೋಗಿದ್ದಾಗ, ಒಂದು ಬೆಳಿಗ್ಗೆ ಶತ್ರು ಸೇನಾಪತಿ ಹೆಬ್ಬಾಗಿಲಿನ ಮುಂದೆ ಬಂದು ನಿಂತ. ಕೋಟೆಯನ್ನು ಒಪ್ಪಿಸಿದರೆ ಎಲ್ಲರೂ ಸೆರೆ, ಇಲ್ಲವಾದರೆ ಬೆಂಕಿ ಎಂದು ಸಾರಿಸಿದ.

ಕಾಡಿನ ಕಡೆಗೆ ಶತ್ರುವಿಗೆ ತಿಳಿಯದ ಒಂದು ದಿಡ್ಡಿ ಬಾಗಿಲಿತ್ತು. ಅದರಲ್ಲಿ ಒಬ್ಬೊಬ್ಬರೇ ನುಸುಳಬೇಕು. ಹೆಂಗಸರು, ಮಕ್ಕಳು, ರೋಗಿಗಳು ದಾಟುವುದಕ್ಕೆ ಸಂಜೆಯಾಗುತ್ತದೆ. ಸೂಲಗಿತ್ತಿ ಬೊಮ್ಮವ್ವ ಮುದುಕನ ಬಳಿಗೆ ಬಂದಳು.

"ಮಾದರಸಪ್ಪ, ಇವತ್ತು ನಿಮ್ಮನ್ನು ಯಾರೂ ತಡೆಯುವುದಿಲ್ಲ. ಹೋಗಿ ಮಾತಾಡಿ."

ಮುದುಕ ಬೀಗದ ಕೈ ಎತ್ತಿಕೊಂಡ. ಹೋಗಿ, ಕೋಟೆ ಒಪ್ಪಿಸಲು ಬಂದಿದ್ದೇನೆ ಎಂದ. ಸೇನಾಪತಿಗೆ ಕಿತ್ತುಕೊಂಡ ಕೋಟೆಗಿಂತ ವಿಧಿಪೂರ್ವಕವಾಗಿ ಒಪ್ಪಿಸಿಕೊಂಡ ಕೋಟೆಯ ಮೇಲೆ ಆಸೆ. ಪೀಠ ಹಾಕಿಸಿ ಕುಳಿತ. ಮಾದರಸ ಕೋಟೆಗೆ ಮೊದಲ ಕಲ್ಲು ತಂದ ಎತ್ತಿನ ಬಣ್ಣದಿಂದ ಆರಂಭಿಸಿದ. ಮಧ್ಯಾಹ್ನದ ಹೊತ್ತಿಗೆ ಅವನ ಮಾತಿನಲ್ಲಿ ಗೋಡೆ ಮೊಣಕಾಲೆತ್ತರ ಎದ್ದಿತ್ತು. ಕುಳಿತಿದ್ದ ಸೈನಿಕರು ತೂಕಡಿಸಿದರು.

"ಮುದುಕ, ಈಗಲೇ ಮುಗಿಸು. ನಿನ್ನೊಬ್ಬನನ್ನು ಬಿಟ್ಟುಬಿಡುತ್ತೇನೆ."

"ಮುಗಿಸುತ್ತೇನೆ ದೊರೆ. ಈ ಬೀಗದ ಕೈ ಯಾರಿಂದ ಯಾರಿಗೆ ಬಂತೆಂದು ಹೇಳದೆ ಕೊಟ್ಟರೆ ಕೊಟ್ಟಂತಾಗುವುದಿಲ್ಲ. ಇದನ್ನು ಬಡಿದ ಕಮ್ಮಾರನಿಗೆ ಇಬ್ಬರು ಹೆಂಡಿರು..."

ಹೊತ್ತು ಮುಳುಗುವಾಗ ಬೀಗದ ಕೈ ಒಪ್ಪಿಸಿದ. ಬಾಗಿಲು ತೆರೆಯಿತು. ಒಳಗೆ ಒಂದು ನರಪಿಳ್ಳೆಯೂ ಇರಲಿಲ್ಲ. ಸೇನಾಪತಿ ಸಿಟ್ಟಿನಿಂದ ಕತ್ತಿ ಹಿರಿದು ಮುದುಕನ ಕೊರಳಿಗೆ ಹಿಡಿದ. ಅಷ್ಟರಲ್ಲಿ ಬೆನ್ನ ಹಿಂದೆ ಕಹಳೆ ಮೊಳಗಿತು. ತಪ್ಪಿಸಿಕೊಂಡವರು ಕಾಡಿನ ದಾರಿಯಲ್ಲಿ ಮರಳಿ ಬರುತ್ತಿದ್ದ ಅರಸನ ದಂಡನ್ನು ಕಂಡು ಕರೆತಂದಿದ್ದರು. ಶತ್ರುಗಳು ಸುತ್ತಲೂ ನೋಡಿದರು, ಆಯುಧ ಕೆಳಗಿಟ್ಟರು. ಸೇನಾಪತಿಯ ಕತ್ತಿಯೂ ಮಣ್ಣಿಗೆ ಬಿತ್ತು.

ಜನ ಜಯಕಾರ ಹಾಕುತ್ತ ಮಾದರಸನನ್ನು ಹೆಗಲ ಮೇಲೆ ಹೊತ್ತು ಒಳಗೆ ತಂದರು. ಬೊಮ್ಮವ್ವ ಅವನ ಪಾದ ಮುಟ್ಟಿದಳು. ನಡೆದದ್ದನ್ನೆಲ್ಲ ಹೇಳಿ ಎಂದು ಊರಿಗೆ ಊರೇ ಅವನ ಸುತ್ತ ಕೂತಿತು. ಅವನ ದನಿ ಪೂರ್ತಿ ಹೋಗಿತ್ತು. ಕೈಯಾಡಿಸಿ ನಕ್ಕ.

"ಹಾಗಾದರೆ ಮಾತನ್ನು ಎಳೆಯುವುದು ದೋಷವಲ್ಲ ಅಲ್ಲವೇ?" ಎಂದ ಶಿಷ್ಯ.

"ಆ ದಿನ ಅವನಾಡಿದ ಮಾತಿನಲ್ಲಿ ತನಗಾಗಿ ಆಡಿದ್ದು ಒಂದೂ ಇರಲಿಲ್ಲ," ಎಂದರು ಗುರುಗಳು.