ಮೊದಲ ವೀಳ್ಯ

"ಗುರುಗಳೇ, ಸುಂಕ ಕಟ್ಟದವನನ್ನೇ ಅರಸನು ಸುಂಕದ ಅಧಿಕಾರಿ ಮಾಡಹೊರಟರೆ ಊರು ಸುಮ್ಮನಿರುತ್ತದೆಯೇ?" ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಹೇಳಿದರು:

ಸುಮ್ಮನಿರುವುದಿಲ್ಲ. ಸಿಟ್ಟಾಗುತ್ತದೆ. ಆಮೇಲೆ ಏನಾಗುತ್ತದೆ ಎಂಬುದನ್ನು ಕೇಳು.

ಒಂದು ಊರಿನ ಸುಂಕದ ಕಟ್ಟೆಗೆ ಅರಸನು ಒಬ್ಬ ವರ್ತಕನನ್ನು ಅಧಿಕಾರಿಯೆಂದು ಹೆಸರಿಸಿದ. ಆ ವರ್ತಕ ಹಲವು ವರ್ಷ ತನ್ನ ಸರಕನ್ನು ಕಾಡುದಾರಿಯಲ್ಲಿ ಸಾಗಿಸಿ ಸುಂಕ ತಪ್ಪಿಸಿದ್ದ. ಸುದ್ದಿ ಹೊರಬಿತ್ತು. ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತೆಂದು ಊರು ಕುದಿಯಿತು.

ಎಲ್ಲರಿಗಿಂತ ಹೆಚ್ಚು ನೊಂದವಳು ಉಪ್ಪು ಮಾರುವ ಒಬ್ಬ ಹೆಂಗಸು. ಒಂದು ಮೂಟೆಯ ಸುಂಕ ಬಾಕಿ ಉಳಿಯಿತೆಂದು ಕಟ್ಟೆಯವರು ಅವಳ ಕತ್ತೆಯನ್ನು ಹಿಡಿದಿಟ್ಟುಕೊಂಡಿದ್ದರು. ಅವಳಿಗಿದ್ದದ್ದು ಅದೊಂದೇ ಕತ್ತೆ. ಉಪ್ಪು ಹೊರುವ ಕತ್ತೆಯಿಲ್ಲದೆ ಮನೆಯಲ್ಲಿ ಗಂಜಿಯೂ ಇರಲಿಲ್ಲ.

ಆ ಊರಿನಲ್ಲಿ ಒಂದು ಪದ್ಧತಿಯಿತ್ತು. ಹೊಸ ಅಧಿಕಾರಿ ರುಮಾಲು ಸುತ್ತಿಕೊಳ್ಳುವ ಮೊದಲು ಕಟ್ಟೆಯ ಮುಂದೆ ಒಂದು ತಟ್ಟೆ ಇಡಬೇಕು. ಊರವರು ಅದಕ್ಕೆ ವೀಳ್ಯ ಹಾಕಿದರೆ ಒಪ್ಪಿಗೆ. ಸಂಜೆಯವರೆಗೂ ತಟ್ಟೆ ಬರಿದಾಗಿದ್ದರೆ ಅರಸನ ಮಾತೂ ನಡೆಯದು.

ಅಂದು ಹೊತ್ತು ಮುಳುಗುತ್ತ ಬಂದರೂ ತಟ್ಟೆ ಬರಿದಾಗಿತ್ತು. ಆಗ ವರ್ತಕ ಕೈಮುಗಿದು ನಿಂತ. ತಪ್ಪಾಯಿತೆಂದ. ಬಾಕಿಯನ್ನೆಲ್ಲ ಅಲ್ಲೇ ಕಟ್ಟಿದ. ಉಕ್ಕುವ ಹಾಲಿಗೆ ನೀರು ಚಿಮುಕಿಸಿದಂತೆ ಜನರ ಸಿಟ್ಟು ಇಳಿಯಿತು. ತಟ್ಟೆಗೆ ಒಂದು ವೀಳ್ಯ ಬಿತ್ತು. ಆಮೇಲೆ ತಟ್ಟೆ ತುಂಬಲು ಹೊತ್ತು ಹಿಡಿಯಲಿಲ್ಲ. ನಾಲ್ಕು ಜನರ ಮುಂದೆ ತಪ್ಪೊಪ್ಪಿಕೊಂಡನಲ್ಲ, ಎಂಥ ದೊಡ್ಡ ಮನಸ್ಸು ಎಂದು ಬೆಳಗ್ಗೆ ಬೈದವರೇ ಹೊಗಳಿದರು.

ಅವನು ರುಮಾಲು ಸುತ್ತಿಕೊಂಡ ಮೇಲೆ ಉಪ್ಪಿನ ಹೆಂಗಸು ಮುಂದೆ ಬಂದಳು. ಕಿವಿಯ ಓಲೆ ಬಿಚ್ಚಿ ಅಂಗೈಯಲ್ಲಿ ಹಿಡಿದಿದ್ದಳು.

"ನನ್ನ ಬಾಕೀನೂ ಇವತ್ತೇ ಕಟ್ತೀನಿ ಸ್ವಾಮಿ. ಕತ್ತೆ ಬಿಟ್ಟುಕೊಡಿ" ಎಂದಳು.

"ಗಡುವು ಮೀರಿತಲ್ಲಮ್ಮ. ಕಟ್ಟಳೆಯನ್ನು ನಾನೇ ಸಡಿಲಿಸಿದರೆ ಊರು ಏನಂದೀತು?" ಎಂದ ಅಧಿಕಾರಿ.

ಊರು ಏನನ್ನುತ್ತದೆ? ಅಧಿಕಾರಿಯೆಂದರೆ ಹೀಗಿರಬೇಕೆಂದು ತಲೆದೂಗಿತು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೆ ಆಗುವುದು ಅಷ್ಟೇ. ಅವಳು ಅಳತೊಡಗಿದಾಗ, ಒಳ್ಳೆಯ ಹೊತ್ತಿನಲ್ಲಿ ಕಣ್ಣೀರು ಹಾಕಬೇಡವೆಂದು ಊರವರು ಅವಳನ್ನೇ ಗದರಿದರು. ಮರುದಿನ ಕತ್ತೆ ಹರಾಜಾಯಿತು. ಈ ಕತೆ ಹೇಳುವುದಕ್ಕೂ ನನಗೆ ಬೇಸರ.

ಶಿಷ್ಯನಿಗೆ ತಡೆಯಲಾರದ ಸಿಟ್ಟು ಬಂತು. ಇಷ್ಟೆಲ್ಲಕ್ಕೂ ಆ ಮೊದಲ ವೀಳ್ಯವೇ ಕಾರಣ, ಅದನ್ನು ಹಾಕಿದ ಪಾಪಿ ಯಾರು ಎಂದು ಕೇಳಿದ.

ಗುರುಗಳು ಹೇಳಿದರು: "ಅವಳೇ, ಮಗು. ಅವನಿಗೆ ಸಿಕ್ಕ ಕ್ಷಮೆ ತನಗೂ ಸಿಕ್ಕೀತೆಂದು ನಂಬಿದ್ದಳು."