ಬಿಲ್ಲಿಗೆ ತಕ್ಕ ಬೆನ್ನು

ನೂರು ಆಸ್ಪತ್ರೆ ಕಂಡವನು ನಾನು. ಆದರೂ ಅವತ್ತು ರೋಗಿಯಾಗಿ ಮಲಗಿದ್ದಾಗ ಪಕ್ಕದ ಮಂಚದಲ್ಲಿ ಕಂಡದ್ದಕ್ಕೆ ನನ್ನ ಮೀಸೆಯೇ ನೆಟ್ಟಗೆ ನಿಂತುಬಿಟ್ಟಿತು.

ಗಾಣದ ಎತ್ತೊಂದಕ್ಕೆ ಬೆನ್ನುನೋವೆಂದು ಹಿಂದೊಮ್ಮೆ ಮೈಯೊಳಗೆ ಔಷಧದ ಪಂಪು ಇಟ್ಟಿದ್ದರು. ಅದು ಕೆಟ್ಟಿತು. ಕೊಕ್ಕರೆ ಡಾಕ್ಟರು ಕೊಕ್ಕು ಹಾಕಿ ಪಂಪನ್ನು ತೆಗೆದರು. ಅದರಿಂದ ಔಷಧ ಹರಿಯುವ ನಳಿಗೆ ಮಾತ್ರ ಬೆನ್ನುಹುರಿಯ ಹತ್ತಿರ ಅಂಟಿಕೊಂಡಿತ್ತು. ಎಳೆದರೆ ಹಿಂಗಾಲು ಬಿದ್ದುಹೋಗುತ್ತದೆ ಎಂದು ಅಲ್ಲೇ ಬಿಟ್ಟರು.

ಬಿಲ್ಲು ಬರೆಯುವವಳು ಗಿಳಿಯಮ್ಮ. ಯಾವ ಚಿಕಿತ್ಸೆಗೆ ಎಷ್ಟು ದುಡ್ಡೆಂದು ಹೇಳುವ ಎರಡು ಕೋಡ್ ನಂಬರ್ ಬಾಯಿಪಾಠದಂತೆ ಹಾಕಿದಳು: ಪಂಪು ತೆಗೆದದ್ದಕ್ಕೊಂದು, ನಳಿಗೆ ತೆಗೆದದ್ದಕ್ಕೊಂದು.

ತಟ್ಟೆಯಲ್ಲಿದ್ದ ಪಂಪು ಕೂಗಿತು: "ಅಕ್ಕಾ, ನಳಿಗೆ ಇನ್ನೂ ಒಳಗೇ ಇದೆ!"

"ಬಿಲ್ಲು ಆಗಲೇ ಹೋಯಿತಲ್ಲ! ವಿಮಾ ಕಚೇರಿಯ ನರಿರಾಯರು ತೆಗೆದ ನಳಿಗೆಯನ್ನು ಕಣ್ಣಾರೆ ಕಂಡರೇ ಹಣ ಕೊಡುತ್ತಾರಂತೆ."

"ಹಾಗಾದರೆ ಬಿಲ್ಲು ವಾಪಸು ತರಿಸಿ ಆ ಸಾಲು ಹೊಡೆದುಹಾಕು."

"ಹೊಡೆದರೆ ನಾನು ತಪ್ಪು ಬರೆದೆ ಎಂದಾಗುತ್ತದೆ. ಈ ಕೊಕ್ಕಿನಿಂದ ತಪ್ಪು ಬಂದದ್ದುಂಟೇ?"

ಡಾಕ್ಟರು ಮತ್ತೆ ಕೊಕ್ಕು ತೊಳೆದುಕೊಂಡರು. "ಬಸವಣ್ಣಾ, ಬಾರಪ್ಪ, ಇನ್ನೊಂದು ಸಲ ಮಲಗು."

ಎತ್ತು ಹೌಹಾರಿತು. "ಕಾಗದ ತಿದ್ದೋದು ಬಿಟ್ಟು ನನ್ನ ಬೆನ್ನು ತಿದ್ದುತ್ತೀರಾ ಸ್ವಾಮಿ? ಎಳೆದರೆ ಕಾಲು ಹೋಗುತ್ತದೆ ಎಂದವರು ನೀವೇ ಅಲ್ಲವೇ?"

"ಹೋದರೆ ಹೋಗಲಿ ಬಿಡು," ಎಂದಳು ಗಿಳಿಯಮ್ಮ, "ಕಾಲು ಹೋದದ್ದಕ್ಕೂ ಒಂದು ಕೋಡ್ ನಂಬರ್ ಇದೆ."

ಎತ್ತು ಹೊಲಿಗೆ ಹಾಕಿದ ಬೆನ್ನಿನಲ್ಲೇ ಬಾಗಿಲು ಮುರಿದು ಓಡಿತು. ಏಳು ಹಳ್ಳಿ ದಾಟುವ ತನಕ ತಿರುಗಿ ನೋಡಲಿಲ್ಲ. ಅದು ನನಗೆ ಹೇಗೆ ಗೊತ್ತು ಅಂತೀರಾ? ಅದರ ಮುಂದೆ ಓಡುತ್ತಿದ್ದವನು ನಾನೇ!